ತಾಯಿ ಚಿಟ್ಟೆಯ ಪರೀಕ್ಷೆ: ಗಂಟು ರೋಗವನ್ನು ಬಿತ್ತನೆ ಕೋಠಿಯಲ್ಲೇ ಹಿಡಿಯುವ ಕೆಲಸ

ಗಂಟು ರೋಗ (ಪೆಬ್ರಿನ್) ಹಿಡಿದ ರೇಷ್ಮೆ ಹುಳುವಿಗೆ ಮದ್ದಿಲ್ಲ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಇವೆಲ್ಲ ಒಂದು ಬೆಳೆಯನ್ನು ಹಾಳು ಮಾಡುತ್ತವೆ. ಆದರೆ ಹುಳು ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಸುಣ್ಣ ಎರಚಿದರೆ ಮುಂದಿನ ಬೆಳೆಗೆ ದಾರಿಯಿದೆ. ಗಂಟು ರೋಗ ಹಾಗಲ್ಲ, ಅದು ಮೊಟ್ಟೆಯೊಳಗೇ ಕುಳಿತು ಬರುತ್ತದೆ. ರೈತರು ಎಷ್ಟು ಶುಚಿಯಾಗಿ ಸಾಕಿದರೂ ಬಂದ ಮೊಟ್ಟೆಯಲ್ಲೇ ರೋಗವಿದ್ದರೆ ಅವರು ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ. ಹಾಗಾಗಿ ಇದನ್ನು ಖಚಿತವಾಗಿ ತಡೆಯುವ ಜಾಗ ಬಿತ್ತನೆ ಕೋಠಿ (ಗೂಡಿನಿಂದ ಚಿಟ್ಟೆ ಹೊರಡಿಸಿ ರೈತರಿಗೆ ಮೊಟ್ಟೆ ತಯಾರಿಸುವ ಕೇಂದ್ರ), ತಡೆಯುವ ಹೊತ್ತು ಚಿಟ್ಟೆ ಮೊಟ್ಟೆಯಿಟ್ಟ ನಂತರದ ಕೆಲವೇ ದಿನಗಳು. ನಾವು ಕೋಠಿಯಲ್ಲಿ ಒಂದು ಲಾಟನ್ನು, ಅಂದರೆ ಒಟ್ಟಿಗೆ ಬಂದ ಒಂದು ರಾಶಿಯನ್ನು, ಗೂಡಿನಿಂದ ಮೊಟ್ಟೆ ಹಾಳೆಯವರೆಗೆ ಹೇಗೆ ದಾಟಿಸುತ್ತೇವೆ, ಪರೀಕ್ಷೆ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ರೋಗದ ಜೀವಿಯ ಹೆಸರು ನೊಸೀಮಾ ಬಾಂಬಿಸಿಸ್. ಮೈಕ್ರೊಸ್ಪೊರಿಡಿಯಾ ಗುಂಪಿಗೆ ಸೇರಿದ್ದು, ಶಿಲೀಂಧ್ರಗಳ ಹತ್ತಿರದ ನೆಂಟ. ಅದರ ಬೀಜಾಣು 3ರಿಂದ 4 ಮೈಕ್ರಾನ್ ಉದ್ದ, 2 ಮೈಕ್ರಾನ್ ಆಸುಪಾಸು ಅಗಲ. ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರಿದಾಗ ಅಲ್ಲಿನ ಕ್ಷಾರ ರಸ ತಾಗಿ ಬೀಜಾಣುವಿನೊಳಗೆ ಸುರುಳಿ ಸುತ್ತಿಕೊಂಡಿದ್ದ ಕೊಳವೆ ಚಿಮ್ಮಿ ಹೊರಬರುತ್ತದೆ. ಅದು ಕರುಳಿನ ಜೀವಕೋಶವನ್ನು ಚುಚ್ಚಿ, ಬೀಜಾಣುವಿನ ತಿರುಳನ್ನು ನೇರ ಜೀವಕೋಶದೊಳಕ್ಕೆ ಇಳಿಸುತ್ತದೆ. ಅಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಕೊಬ್ಬಿನ ಅಂಗಾಂಶ, ಸ್ನಾಯು, ರೇಷ್ಮೆ ಗ್ರಂಥಿ, ಕೊನೆಗೆ ಅಂಡಾಶಯದವರೆಗೆ ಹಬ್ಬುತ್ತದೆ.

ಕೀಟಗಳಿಗೆ ರೋಗನಿರೋಧಕ ಶಕ್ತಿ ಇಲ್ಲವೇ ಎಂದು ತರಬೇತಿಗೆ ಬರುವ ರೈತರು ಕೇಳುತ್ತಾರೆ. ಇದೆ, ಚೆನ್ನಾಗಿಯೇ ಇದೆ. ನಮ್ಮಂತೆ ಆಂಟಿಬಾಡಿ ಇಲ್ಲ, ಅಷ್ಟೇ. ಹುಳುವಿನ ರಕ್ತದಲ್ಲಿ ರೋಗಾಣುವನ್ನು ನುಂಗುವ ಕಣಗಳಿವೆ. ನುಂಗಲಾಗದಷ್ಟು ದೊಡ್ಡದು ಬಂದರೆ ಆ ಕಣಗಳು ಸುತ್ತ ಪದರ ಪದರವಾಗಿ ಅಂಟಿಕೊಂಡು ಮೆಲನಿನ್ ಎಂಬ ಕಪ್ಪು ಬಣ್ಣದಲ್ಲಿ ಅದನ್ನು ಮುಚ್ಚಿಬಿಡುತ್ತವೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಸಣ್ಣ ಪ್ರೋಟೀನುಗಳೂ ಇವೆ. ಅವುಗಳಲ್ಲಿ ಸಿಕ್ರೋಪಿನ್ ಎಂಬುದನ್ನು ಸ್ವೀಡನ್ನಿನ ಹ್ಯಾನ್ಸ್ ಬೋಮನ್ ತಂಡ 1981ರಲ್ಲಿ ಗುರುತಿಸಿದ್ದು ಒಂದು ಕಾಡು ರೇಷ್ಮೆ ಚಿಟ್ಟೆಯ ಪ್ಯೂಪಾದಲ್ಲೇ. ಆದರೆ ಈ ಪಹರೆಯ ಹೆಚ್ಚಿನ ಭಾಗ ರಕ್ತದಲ್ಲಿದೆ. ನೊಸೀಮಾ ಬೆಳೆಯುವುದು ಜೀವಕೋಶದೊಳಗೆ. ಪಹರೆಗೆ ಅದು ಕಾಣುವ ಹೊತ್ತಿಗೆ ಹುಳುವಿನ ಒಳಗೆಲ್ಲ ಹಬ್ಬಿಯಾಗಿರುತ್ತದೆ. ಗಂಟು ರೋಗದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಾಣುವ ಕಪ್ಪು ಚುಕ್ಕೆಗಳು ರೋಗಾಣುವಲ್ಲ, ಸತ್ತ ಚರ್ಮದ ಜೀವಕೋಶಗಳಲ್ಲಿ ಹುಳು ತಾನೇ ತುಂಬಿದ ಮೆಲನಿನ್. ಎಲ್ಲ ರೋಗಿ ಹುಳುಗಳಲ್ಲೂ ಈ ಚುಕ್ಕೆ ಮೂಡುವುದಿಲ್ಲ. ಚುಕ್ಕೆಯಿಲ್ಲ ಎಂದು ಬಿತ್ತನೆಗೆ ಬಿಟ್ಟರೆ ಕೆಟ್ಟಂತೆಯೇ.

ಸೋಂಕು ಯಾವ ವಯಸ್ಸಿನಲ್ಲಿ ತಗಲಿತು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ತಾಯಿಯಿಂದ ಮೊಟ್ಟೆಯಲ್ಲೇ ಪಡೆದು ಬಂದ ಹುಳು ಹೆಚ್ಚಾಗಿ ಚಾಕಿಯಲ್ಲೋ (ಮರಿಹುಳುವಿನ ಮೊದಲ ಎರಡು ಹಂತ) ಮೂರನೆಯ ಹಂತದೊಳಗೋ ಸಾಯುತ್ತದೆ. ಸಾಯುವ ಮುನ್ನ ಹಿಕ್ಕೆಯ ಮೂಲಕ ತಟ್ಟೆಯ ಸೊಪ್ಪಿಗೆ ಬೀಜಾಣು ಸುರಿದಿರುತ್ತದೆ. ಅದನ್ನು ತಿಂದ ಪಕ್ಕದ ಹುಳು ನಾಲ್ಕನೆಯ, ಐದನೆಯ ಹಂತದಲ್ಲಿ ಸೋಂಕು ಪಡೆದರೆ ಸಾಯುವುದಿಲ್ಲ. ಸೊಪ್ಪು ತಿನ್ನುತ್ತದೆ, ಹಣ್ಣಾಗುತ್ತದೆ (ಗೂಡು ಕಟ್ಟುವಷ್ಟು ಬಲಿಯುತ್ತದೆ), ಗೂಡು ಕಟ್ಟಲು ಇಟ್ಟ ಚಂದ್ರಿಕೆ ಹತ್ತಿ ಒಳ್ಳೆಯ ಗೂಡನ್ನೇ ಕಟ್ಟುತ್ತದೆ, ಚಿಟ್ಟೆಯಾಗಿ ಹೊರಬಂದು ಮೊಟ್ಟೆಯನ್ನೂ ಇಡುತ್ತದೆ. ನೂಲಿಗೆ ಹೋಗುವ ಗೂಡಾದರೆ ಅಲ್ಲಿಗೆ ಮುಗಿಯಿತು. ಬಿತ್ತನೆಗೆ ಬಂದರೆ ನಮಗೆ ಆತಂಕ ತರುವುದು ಈ ಎರಡನೆಯ ಹುಳುವೇ, ಹೊರಗಿನಿಂದ ಅದಕ್ಕೂ ಆರೋಗ್ಯವಂತ ಹುಳುವಿಗೂ ವ್ಯತ್ಯಾಸ ಕಾಣದು.

ಕೋಠಿಗೆ ಬರುವ ಬಿತ್ತನೆ ಗೂಡು ಮೈಸೂರು ತಳಿಯದಾದರೆ ಮಾಗಡಿ, ಕುಣಿಗಲ್, ಸೋಲೂರು ಕಡೆಯ ಬಿತ್ತನೆ ವಲಯದ್ದು. ಪರೀಕ್ಷೆ ನಿಜವಾಗಿ ಅಲ್ಲಿಂದಲೇ ಶುರು. ಸಾಕುವಾಗ ಜ್ವರಕ್ಕೆ (ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಕೂರುವ ಹೊತ್ತು) ಕೂರದೆ ಹಿಂದುಳಿದ ಹುಳು, ಗಾತ್ರದಲ್ಲಿ ಸಣ್ಣದು, ಜ್ವರ ಬಿಟ್ಟು ಏಳದ್ದು, ಇವನ್ನು ಎಸೆಯದೆ ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಬೇಕು. ರೋಗವಿದ್ದರೆ ಮೊದಲು ಸಿಗುವುದು ಅವುಗಳಲ್ಲೇ. ಚೆನ್ನಾಗಿ ಬೆಳೆದ ಹುಳುಗಳನ್ನು ಆರಿಸಿ ಕಳಿಸಿದ ಮಾದರಿ ಯಾವ ಉಪಯೋಗಕ್ಕೂ ಬಾರದು. ಗೂಡು ಬಂದ ಮೇಲೆ ಪ್ರತಿ ಲಾಟಿನಿಂದ ಕೆಲವನ್ನು ಕತ್ತರಿಸಿ ಪ್ಯೂಪಾ ನೋಡುತ್ತೇವೆ. ಇನ್ನೊಂದಿಷ್ಟನ್ನು ಹೆಚ್ಚು ಬೆಚ್ಚಗಿನ ಕೋಣೆಯಲ್ಲಿಟ್ಟು ಉಳಿದವಕ್ಕಿಂತ ಮುಂಚೆಯೇ ಚಿಟ್ಟೆ ಹೊರಡಿಸಿ ಅವನ್ನು ಅರೆದು ನೋಡುತ್ತೇವೆ. ಇಲ್ಲಿ ಸಿಕ್ಕರೆ ಇಡೀ ಲಾಟು ನೂಲು ಬಿಚ್ಚಾಣಿಕೆಗೆ ಹೋಗುತ್ತದೆ, ಜೋಡಿ ಕಟ್ಟಿಸುವ ಶ್ರಮವೂ ಉಳಿಯುತ್ತದೆ. ಪ್ಯೂಪಾದಲ್ಲಿ ಸಿಗಲಿಲ್ಲ ಎಂದಾದರೆ ಅದರಿಂದ ನಿರಾಳವಾಗಬಾರದು. ತಡವಾಗಿ ತಗಲಿದ ಸೋಂಕಿನಲ್ಲಿ ಆ ಹಂತಕ್ಕೆ ಬೀಜಾಣು ಇನ್ನೂ ಬಲಿತಿರುವುದಿಲ್ಲ.

ಗೂಡು ಕಟ್ಟತೊಡಗಿ ಹತ್ತು, ಹನ್ನೆರಡು ದಿನಕ್ಕೆ ಚಿಟ್ಟೆ ಬರುತ್ತದೆ. ಹಿಂದಿನ ರಾತ್ರಿ ಕೋಣೆ ಕತ್ತಲಾಗಿಟ್ಟು ಬೆಳಗಿನ ಜಾವ ದೀಪ ಹಾಕಿದರೆ ಒಟ್ಟಿಗೆ ಹೊರಡುತ್ತವೆ. ಹೊರಟ ಚಿಟ್ಟೆಗಳ ಮೇಲೆ ಕಣ್ಣಾಡಿಸುವಾಗ ರೆಕ್ಕೆ ಬಿಚ್ಚದೆ ಮುದುಡಿಕೊಂಡದ್ದು, ಹೊಟ್ಟೆ ಅತಿಯಾಗಿ ಉಬ್ಬಿದ್ದು, ಮೈಪುಡಿ ಉದುರಿ ಬೋಳಾದದ್ದು, ಕೊನೆಗೆ ಹೊರಟದ್ದು ಬೇರೆ ತಟ್ಟೆಗೆ ಹೋಗುತ್ತವೆ. ಅವನ್ನು ಜೋಡಿಗೆ ಹಾಕುವುದಿಲ್ಲ, ಪರೀಕ್ಷೆಗೆ ಮಾತ್ರ. ಉಳಿದವು ಮೂರು, ನಾಲ್ಕು ಗಂಟೆ ಜೋಡಿಯಲ್ಲಿರುತ್ತವೆ. ಬಿಡಿಸಿದ ಮೇಲೆ ಗಂಡನ್ನು 5ರಿಂದ 7 ಡಿಗ್ರಿ ತಂಪಿನಲ್ಲಿಟ್ಟರೆ ಇನ್ನೊಮ್ಮೆ ಬಳಸಬಹುದು. ಹೆಣ್ಣನ್ನು ಹಾಳೆಯ ಮೇಲೆ ಬಿಟ್ಟು ಹಾಳೆಯನ್ನು ಮೆಲ್ಲಗೆ ತಟ್ಟಿದರೆ ಮೂತ್ರ ಬಿಡುತ್ತದೆ. ಹೀಗೆ ಮಾಡದಿದ್ದರೆ ಮೊಟ್ಟೆ ಹಾಳೆ ಕೊಳೆಯಾಗುವುದು ಒಂದು ತೊಂದರೆ. ಇನ್ನೊಂದು, ಆ ಮೂತ್ರದ ಯೂರೇಟ್ ಹರಳುಗಳು ಆಮೇಲೆ ಸ್ಲೈಡಿನಲ್ಲಿ ಕಣ್ಣಿಗೆ ಅಡ್ಡ ಬರುತ್ತವೆ.

ಬಳಿಕ ಪ್ರತಿ ಹೆಣ್ಣಿನ ಮೇಲೂ ಒಂದೊಂದು ಸೆಲ್ಯೂಲ್, ಅಂದರೆ ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಮುಚ್ಚಳ. ಸುಮಾರು 25 ಡಿಗ್ರಿ ಉಷ್ಣತೆ, 75ರಿಂದ 80 ಶೇಕಡಾ ತೇವ, ಕತ್ತಲು ಇದ್ದರೆ ಒಂದು ದಿನದಲ್ಲಿ ಮೊಟ್ಟೆಯಿಟ್ಟು ಮುಗಿಸುತ್ತದೆ. ರೈತರು 'ನೂರು ಮೊಟ್ಟೆ ತಂದೆ' ಎನ್ನುವಾಗ ಇಂಥ ನೂರು ತಾಯಂದಿರ ಮೊಟ್ಟೆ ಎಂದೇ ಲೆಕ್ಕ. ಮೈಸೂರು ತಳಿಯಲ್ಲಿ ಒಂದು ತಾಯಿಯದು 400ರ ಆಸುಪಾಸು. ಸೆಲ್ಯೂಲಿನ ಉಪಯೋಗ ಇಷ್ಟೇ, ಯಾವ ಮೊಟ್ಟೆ ಯಾವ ತಾಯಿಯದು ಎಂಬ ಗುರುತು ತಪ್ಪಬಾರದು. ಹಾಳೆಯ ಮೂಲೆಯ ಸಂಖ್ಯೆ ಮತ್ತು ಚಿಟ್ಟೆ ಹಾಕಿದ ಡಬ್ಬಿಯ ಸಂಖ್ಯೆ ಒಂದೇ ಇರಬೇಕು. ಸಾಲು ಒಂದು ಸ್ಥಾನ ಆಚೀಚೆಯಾದರೆ ರೋಗಿ ತಾಯಿಯ ಮೊಟ್ಟೆ ಉಳಿದು ಆರೋಗ್ಯದ ಮೊಟ್ಟೆ ಬೆಂಕಿಗೆ ಬೀಳುತ್ತದೆ.

ಈ ವಿಧಾನ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆಲೆಸ್ ಪಟ್ಟಣದಲ್ಲಿ. ಫ್ರಾನ್ಸಿನ ಗೂಡಿನ ಉತ್ಪಾದನೆ 1853ರಲ್ಲಿ ಸುಮಾರು 26,000 ಟನ್ ಇದ್ದದ್ದು 1865ಕ್ಕೆ 4,000 ಟನ್ನಿಗೆ ಕುಸಿದಿತ್ತು. ಆ ವರ್ಷ ಲೂಯಿ ಪ್ಯಾಶ್ಚರ್ ಅಲ್ಲಿಗೆ ಹೋದರು. ಆಗ ಮೊಟ್ಟೆ ಮತ್ತು ಹುಳುಗಳಲ್ಲೇ ರೋಗ ಹುಡುಕುವ ರೂಢಿಯಿತ್ತು. ಮೊಟ್ಟೆಯಲ್ಲಿ ಬೀಜಾಣು ಕಾಣದಿದ್ದರೂ ರೋಗವಿರಬಹುದು, ಚಿಟ್ಟೆಯಲ್ಲಿ ಮಾತ್ರ ಅದು ಬಲಿತು ಕಣ್ಣಿಗೆ ಸಿಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಮೊಟ್ಟೆ ಇರಲಿ, ಇಟ್ಟವಳನ್ನು ನೋಡಿ ಎಂದರು. 150 ವರ್ಷ ದಾಟಿದರೂ ಕೋಠಿಗಳು ನಡೆಯುವುದು ಇದರ ಮೇಲೆಯೇ.

ಮೊಟ್ಟೆಯಿಟ್ಟ ಕೂಡಲೇ ಚಿಟ್ಟೆಯನ್ನು ಅರೆಯಬಾರದು. ಚಿಟ್ಟೆ ಬದುಕಿರುವಷ್ಟು ದಿನ ಒಳಗೆ ಬೀಜಾಣು ಹೆಚ್ಚುತ್ತಲೇ ಇರುತ್ತದೆ, ಎರಡು ಮೂರು ದಿನ ಬಿಟ್ಟರೆ ಮೊದಲು ತಪ್ಪಿಹೋಗುತ್ತಿದ್ದ ಸೋಂಕೂ ಸಿಗುತ್ತದೆ. ಹಾಗೆಂದು ಮೈಸೂರು ತಳಿಯ ಹೆಣ್ಣಿನ ಮೊಟ್ಟೆಯನ್ನು ಬಹಳ ಕಾಯಿಸುವಂತಿಲ್ಲ, ಅದು ಹತ್ತು ದಿನಕ್ಕೆಲ್ಲ ಒಡೆದು ಚಾಕಿಯಾಗುತ್ತದೆ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿಯ ಮೊಟ್ಟೆಯನ್ನು ಶೀತಗೃಹದಲ್ಲಿ ನಿದ್ದೆಗೆ ಹಾಕಬಹುದಾದ್ದರಿಂದ ಅಲ್ಲಿ ಬಿಡುವು ಹೆಚ್ಚು. ಚಿಟ್ಟೆಗಳನ್ನು ರಂಧ್ರವಿರುವ ಡಬ್ಬಿಗಳಲ್ಲಿಟ್ಟು, ನಂತರ ಸುಮಾರು 70 ಡಿಗ್ರಿಯ ಓವನ್ನಿನಲ್ಲಿ ಕೆಲವು ಗಂಟೆ ಒಣಗಿಸುತ್ತೇವೆ. ಒಣಗಿದ ಮೈ ನುಣ್ಣಗೆ ಪುಡಿಯಾಗುತ್ತದೆ. ಒಣಗಿಸದೆ ಡಬ್ಬಿಯಲ್ಲೇ ಬಿಟ್ಟರೆ ಬೂಸ್ಟು ಹಿಡಿದು, ಅದರ ಬೀಜಾಣುಗಳ ನಡುವೆ ನಮಗೆ ಬೇಕಾದ್ದನ್ನು ಹುಡುಕುವುದು ನರಕ.

ಅರೆಯುವುದಕ್ಕೆ 0.6 ಶೇಕಡಾ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ, ಅಂದರೆ ಲೀಟರ್ ನೀರಿಗೆ 6 ಗ್ರಾಂ. ಈ ಕ್ಷಾರ ಚಿಟ್ಟೆಯ ಕೊಬ್ಬನ್ನೂ ಅಂಗಾಂಶವನ್ನೂ ಕರಗಿಸಿ ಬೀಜಾಣುವನ್ನು ಬಿಡಿಯಾಗಿಸುತ್ತದೆ. ಮೂಲ ಬಿತ್ತನೆಯಲ್ಲಿ, ಅಂದರೆ ಮುಂದಿನ ಬಿತ್ತನೆ ಗೂಡು ಬೆಳೆಯಲು ಹೋಗುವ ಮೊಟ್ಟೆಯಲ್ಲಿ, ಪ್ರತಿ ಚಿಟ್ಟೆಯನ್ನೂ ಬೇರೆ ಪಿಂಗಾಣಿ ಒರಳಿನಲ್ಲಿ ಕೆಲವು ಹನಿ ದ್ರಾವಣದ ಜೊತೆ ಅರೆದು, ಒಂದು ಹನಿಯನ್ನು ಸ್ಲೈಡಿಗಿಟ್ಟು ಕವರ್ ಸ್ಲಿಪ್ ಮುಚ್ಚುತ್ತೇವೆ. ರೈತರಿಗೆ ಹೋಗುವ ಮೊಟ್ಟೆಯ ದೊಡ್ಡ ಲಾಟಿಗೆ ಗುಂಪು ಪರೀಕ್ಷೆ. ಇಪ್ಪತ್ತು ಚಿಟ್ಟೆಗೆ, ಒಂದಕ್ಕೆ 4 ಮಿಲಿಲೀಟರಿನಂತೆ, 80 ಮಿಲಿ ದ್ರಾವಣ ಹಾಕಿ ಮಿಕ್ಸಿಯಲ್ಲಿ ಒಂದೆರಡು ನಿಮಿಷ ತಿರುಗಿಸಬೇಕು. ಎರಡು ಮೂರು ನಿಮಿಷ ಬಿಟ್ಟು ಮೇಲಿನ ರಸವನ್ನು ತೆಳು ಹತ್ತಿಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ ಐದು ನಿಮಿಷ. ಮೇಲಿನ ತಿಳಿಯನ್ನು ಚೆಲ್ಲಿ ತಳದಲ್ಲಿ ಕೂತ ಗಸಿಯನ್ನು ಅದೇ ದ್ರಾವಣದ ಒಂದೆರಡು ಹನಿಯಲ್ಲಿ ಕಲಕಿ ಸ್ಲೈಡಿಗೆ.

ಇಲ್ಲಿ ಕೆಡುವುದು ಹೆಚ್ಚಾಗಿ ಅವಸರದಿಂದ. ರೆಕ್ಕೆ, ಕಾಲು ಮಾತ್ರ ನುಗ್ಗಾಗಿ ಹೊಟ್ಟೆ ಇಡಿಯಾಗಿ ಉಳಿದರೆ ಬೀಜಾಣು ಹೊರಗೇ ಬರುವುದಿಲ್ಲ. ಸೋಸುವ ಹತ್ತಿ ದಪ್ಪವಾದರೆ ಬೀಜಾಣುವೂ ಅದರಲ್ಲೇ ನಿಲ್ಲುತ್ತದೆ. ತಿಳಿಯನ್ನು ಜೋರಾಗಿ ಬಗ್ಗಿಸಿದರೆ ಗಸಿಯ ಅರ್ಧ ಮೋರಿಗೆ. ಒರಳನ್ನು ಬರೀ ನೀರಿನಲ್ಲಿ ತೊಳೆದರೆ ಹಿಂದಿನ ಚಿಟ್ಟೆಯ ಬೀಜಾಣು ಮುಂದಿನದಕ್ಕೆ ಸೇರಿ, ಇಲ್ಲದ ರೋಗ ಕಾಣುತ್ತದೆ. ಬೆಳಗ್ಗೆ ಅರೆದದ್ದನ್ನು ಮರುದಿನಕ್ಕೆ ಇಡಲೂಬಾರದು. ಕ್ಷಾರದಲ್ಲಿ ಹೆಚ್ಚು ಹೊತ್ತು ನೆನೆದ ಬೀಜಾಣು ಒಳಗಿನ ತಿರುಳು ಕಳೆದುಕೊಂಡು ಹೊಳಪು ಮಾಸುತ್ತದೆ, ಅದು ಕಣ್ಣಿಗೆ ಬೀಳುವುದು ಆ ಹೊಳಪಿನಿಂದಲೇ ಎಂಬುದು ನೆನಪಿರಲಿ.

ಸೂಕ್ಷ್ಮದರ್ಶಕ 600 ಪಟ್ಟು, 15ರ ಕಣ್ಣುಮಸೂರಕ್ಕೆ 40ರ ವಸ್ತುಮಸೂರ. ಫೇಸ್ ಕಾಂಟ್ರಾಸ್ಟ್ ಇದ್ದರೆ ಒಳ್ಳೆಯದು. ಸಾಮಾನ್ಯ ಸೂಕ್ಷ್ಮದರ್ಶಕವಾದರೆ ಕೆಳಗಿನ ಡಯಾಫ್ರಮ್ಮನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ ಬೆಳಕು ತಗ್ಗಿಸಿ. ಹೊಸಬರು ಬೆಳಕು ಪೂರ್ತಿ ತೆರೆದು, ಏನೂ ಇಲ್ಲ ಎಂದು ಬರೆದುಬಿಡುತ್ತಾರೆ. ಪ್ರತಿ ಸ್ಲೈಡಿನಲ್ಲಿ ಕನಿಷ್ಠ ಐದು ಕಡೆ ನೋಡಬೇಕು, ನಾಲ್ಕು ಅಂಚುಗಳ ಹತ್ತಿರ ಮತ್ತು ನಡುವೆ. ನೊಸೀಮಾದ ಬೀಜಾಣು ಎಲ್ಲ ಒಂದೇ ಅಳತೆಯ ಮೊಟ್ಟೆಯಾಕಾರ, ಅಂಚು ನುಣುಪು, ನಸು ಹಸಿರು ಛಾಯೆಯ ಗಟ್ಟಿ ಹೊಳಪು. ದ್ರವದಲ್ಲಿ ಇದ್ದಲ್ಲೇ ತೂಗಾಡುತ್ತ ಹೊರಳುತ್ತದೆ. ಫೋಕಸ್ಸಿನ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ನಡುವೆ ಬೆಳಕು ಕಪ್ಪಾಗಿ, ಮತ್ತೆ ಬೆಳಕಾಗುತ್ತದೆ.

ಇದರಂತೆ ನಟಿಸುವವು ಬಹಳ. ಕೊಬ್ಬಿನ ಹನಿಯೂ ಹೊಳೆಯುತ್ತದೆ, ಆದರೆ ಪೂರ್ತಿ ಗುಂಡು, ಒಂದು ದೊಡ್ಡದು ಒಂದು ಸಣ್ಣದು. ಯೀಸ್ಟ್ ಮೊಟ್ಟೆಯಾಕಾರದ್ದೇ, ಆದರೆ ಹೊಳಪು ಕಡಿಮೆ, ಪಕ್ಕದಲ್ಲಿ ಮೊಗ್ಗು ಒಡೆದದ್ದು ಒಂದಾದರೂ ಸಿಗುತ್ತದೆ. ಹಾಲುತೊಂಡೆಯ ವೈರಸ್ಸಿನ ಹರಳು ಆರು ಮೂಲೆಯದು, ಅಂಚು ಚೂಪು. ಬೂಸ್ಟಿನ ಬೀಜಾಣುವಿನಲ್ಲಿ ಮಾತ್ರ ಅನುಭವಿಗಳೂ ಅನುಮಾನದಲ್ಲಿ ನಿಲ್ಲುತ್ತಾರೆ. ಆಗ ಗಾಢ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತೇವೆ, ನೊಸೀಮಾ ಮರೆಯಾಗುತ್ತದೆ, ಬೂಸ್ಟಿನದು ಉಳಿಯುತ್ತದೆ. ಇಬ್ಬರು ನೋಡಿ ಇಬ್ಬರೂ ಒಪ್ಪಿದ ಮೇಲೆಯೇ ಪುಸ್ತಕಕ್ಕೆ ಬರೆಯುವುದು. ಒಬ್ಬರೇ ಗಂಟೆಗಟ್ಟಲೆ ನೋಡುತ್ತ ಕೂತರೆ ಕಣ್ಣು ಸೋತು, ಇದ್ದದ್ದೂ ಇಲ್ಲದಂತೆ ತೋರುತ್ತದೆ. ನೋಡುವವರನ್ನು ಆಗಾಗ ಬದಲಿಸುವುದು ಸೋಮಾರಿತನಕ್ಕೆ ಕೊಡುವ ಬಿಡುವಲ್ಲ, ಪರೀಕ್ಷೆಯದೇ ಒಂದು ಭಾಗ.

ಸ್ಲೈಡಿನಲ್ಲಿ ಏನೂ ಕಾಣದ ಲಾಟನ್ನು 'ರೋಗರಹಿತ' ಎಂದು ಕರೆಯುವಾಗ ಆ ಮಾತಿನ ಬಲ ಎಷ್ಟು ಎಂಬುದನ್ನು ಲೆಕ್ಕ ಹಾಕಿ ತಿಳಿದಿರಬೇಕು. ಒಂದು ಲಾಟಿನಲ್ಲಿ 200 ಚಿಟ್ಟೆಗೆ ಒಂದು ರೋಗಿ ಇದೆ ಎನ್ನಿ. 20 ಚಿಟ್ಟೆಯ ಒಂದೇ ಗುಂಪನ್ನು ಅರೆದು ನೋಡಿದರೆ ಅದು ಸಿಗುವ ಸಾಧ್ಯತೆ ನೂರಕ್ಕೆ ಹತ್ತೂ ಇಲ್ಲ. ಮೂವತ್ತು ಗುಂಪು, ಅಂದರೆ 600 ಚಿಟ್ಟೆ ನೋಡಿದರೆ ನೂರಕ್ಕೆ 95. ಸಾವಿರಕ್ಕೆ ಒಂದೇ ರೋಗಿಯಾದರೆ ಅದೇ 600 ಚಿಟ್ಟೆ ನೋಡಿದರೂ ಸಿಗುವುದು ನೂರಕ್ಕೆ 45 ಸಲ ಮಾತ್ರ. ಆ ಸಾವಿರ ಮೊಟ್ಟೆ ನೂರರಂತೆ ಹತ್ತು ರೈತರಿಗೆ ಹಂಚಿಹೋದರೆ ಒಬ್ಬರ ಮನೆಗೆ ರೋಗ ಹೋಯಿತು. ಚಾಕಿ ಕೇಂದ್ರದಲ್ಲಿ ಎಲ್ಲವನ್ನೂ ಒಟ್ಟಿಗೆ ಎರಡನೆಯ ಜ್ವರದವರೆಗೆ ಸಾಕಿ ಹಂಚಿದರೆ ಹತ್ತೂ ಮನೆಗೆ ಹೋಗಬಹುದು. ಮಾದರಿಯ ಸಂಖ್ಯೆಯನ್ನು ಕೆಲಸ ಹೆಚ್ಚಾಯಿತೆಂದು ಇಳಿಸುವ ಕೋಠಿಯಲ್ಲಿ ಎಷ್ಟೇ ಬೆಲೆಬಾಳುವ ಸೂಕ್ಷ್ಮದರ್ಶಕವಿದ್ದರೂ ಪ್ರಯೋಜನವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೂಲ ಬಿತ್ತನೆಯಲ್ಲಿ ಒಂದೊಂದು ಚಿಟ್ಟೆಯನ್ನೂ ನೋಡಲೇಬೇಕು ಎನ್ನುವುದಕ್ಕೆ ಈ ಲೆಕ್ಕವೇ ಕಾರಣ.

ನೊಸೀಮಾದ ಬಳಗ ರೇಷ್ಮೆ ಹುಳುವಿಗಷ್ಟೇ ಅಂಟಿದ್ದಲ್ಲ. ಜೇನುನೊಣಗಳಿಗೂ, ಚಳಿ ದೇಶಗಳ ದಪ್ಪ ರೋಮದ ಬಂಬಲ್ ಜೇನಿಗೂ ಅದರ ನೆಂಟರು ತಗಲುತ್ತವೆ. ಯುರೋಪಿನಲ್ಲಿ ಟೊಮೆಟೊ ಹಸಿರುಮನೆಗಳ ಪರಾಗಸ್ಪರ್ಶಕ್ಕೆ ಬಂಬಲ್ ಜೇನನ್ನು 1980ರ ದಶಕದ ಕೊನೆಯಿಂದ ಪೆಟ್ಟಿಗೆಗಳಲ್ಲಿ ಬೆಳೆಸಿ ಮಾರುತ್ತಾರೆ. ಅವರ ಕಷ್ಟವೂ ನಮ್ಮದೇ, ತಾಯಿ ಶುದ್ಧವಾಗಿರಬೇಕು. ಆದರೆ ನಮ್ಮ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದರ ಕೆಲಸ ಮುಗಿದಿರುತ್ತದೆ, ಅರೆಯಬಹುದು. ಬಂಬಲ್ ಜೇನಿನ ರಾಣಿ ಪರೀಕ್ಷೆಯಾದ ಮೇಲೂ ಬದುಕಿ ಗೂಡು ಕಟ್ಟಬೇಕು. ಅದಕ್ಕೆ ವಸಂತದಲ್ಲಿ ಹಿಡಿದ ರಾಣಿಯನ್ನು ಸಣ್ಣ ಬಾಟಲಿಯಲ್ಲಿಟ್ಟು, ಅದು ಹಾಕಿದ ಹಿಕ್ಕೆಯ ಹನಿಯನ್ನು 400 ಪಟ್ಟಿನಲ್ಲಿ ನೋಡುತ್ತಾರೆ. ಅಲ್ಲಿ ನೊಸೀಮಾದ ಬೀಜಾಣುವಿನ ಜೊತೆಗೆ, ಬಾಲ ಬಡಿಯುತ್ತ ಈಜಾಡುವ ಕ್ರಿತಿಡಿಯಾ ಬಾಂಬಿ ಎಂಬ ಪರಾವಲಂಬಿಯೂ ಸಿಗುತ್ತದೆ. ಹೊಟ್ಟೆ ತುಂಬ ಉಣ್ಣುತ್ತಿರುವ ಜೇನಿಗೆ ಅದು ಅಷ್ಟೇನೂ ಕೆಡುಕು ಮಾಡದು. ಚಳಿನಿದ್ದೆ ಮುಗಿಸಿ ಒಂಟಿಯಾಗಿ ಗೂಡು ಕಟ್ಟುವ ರಾಣಿಗೆ ಮಾತ್ರ ಅದರ ಹೊಡೆತ ದೊಡ್ಡದು, ಸ್ವಿಟ್ಜರ್‌ಲ್ಯಾಂಡಿನಲ್ಲಿ ನಡೆದ ಅಧ್ಯಯನದಲ್ಲಿ ಅಂಥ ರಾಣಿಯರ ಸಂತಾನಫಲ ಸುಮಾರು 40 ಶೇಕಡಾದಷ್ಟು ಕಡಿಮೆಯಾದದ್ದು ದಾಖಲಾಗಿದೆ. ಹಿಕ್ಕೆ ಪರೀಕ್ಷೆಗೆ ಒಂದು ಮಿತಿ ಇದೆ. ಕರುಳಿನಾಚೆ ಕೂತ ಸೋಂಕು ಹಿಕ್ಕೆಗೆ ಇಳಿಯುವುದಿಲ್ಲ, ಆಗಷ್ಟೇ ತಗಲಿದ್ದೂ ಸಿಗುವುದಿಲ್ಲ. ಹಾಗಾಗಿ ಒಂದೇ ಸಲ ನೋಡಿ ಬಿಡುವಂತಿಲ್ಲ.

ಒಂದು ಗುಂಪಿನಲ್ಲಿ ಗಂಟು ರೋಗ ಸಿಕ್ಕಿತೆಂದರೆ ಮುಂದಿನ ಕೆಲಸಕ್ಕೆ ಚರ್ಚೆಯಿಲ್ಲ. ಲಾಟಿನ ಎಲ್ಲ ಮೊಟ್ಟೆ ಹಾಳೆಗಳು, ಉಳಿದ ಚಿಟ್ಟೆ, ಒಡೆದ ಗೂಡಿನ ಸಿಪ್ಪೆ, ತಟ್ಟೆಗೆ ಹಾಸಿದ ಕಾಗದ, ಎಲ್ಲವನ್ನೂ ಸುಡುತ್ತೇವೆ. ಹೂಳುವುದು ಸಾಲದು, ಒಣಗಿದ ಚಿಟ್ಟೆಯ ಮೈಯಲ್ಲಿ ಬೀಜಾಣು ವರ್ಷ ಕಳೆದರೂ ಸೋಂಕು ತರಬಲ್ಲದು. ರೋಗ ಸಿಕ್ಕ ಒಂದೆರಡು ತಾಯಿಯ ಮೊಟ್ಟೆಯನ್ನಷ್ಟೇ ತೆಗೆದು ಮಿಕ್ಕದ್ದನ್ನು ಮಾರೋಣ ಎನ್ನುವ ಒತ್ತಡ ಬರುತ್ತದೆ, ಗೂಡಿಗೆ ಕೊಟ್ಟ ಹಣ ಸಣ್ಣದಲ್ಲ. ಗುಂಪು ಪರೀಕ್ಷೆಯ ಲಾಟಿನಲ್ಲಿ ಅದಕ್ಕೆ ಒಪ್ಪಲೇಬಾರದು, ನೋಡದೇ ಉಳಿದ ಚಿಟ್ಟೆಗಳೇ ಅಲ್ಲಿ ಹೆಚ್ಚು.

ಕೋಠಿಯ ಗೋಡೆ, ನೆಲ, ತಟ್ಟೆ, ಸೆಲ್ಯೂಲುಗಳಿಗೆ 2 ಶೇಕಡಾ ಬ್ಲೀಚಿಂಗ್ ಪುಡಿಯ ದ್ರಾವಣ, 10 ಲೀಟರಿಗೆ 200 ಗ್ರಾಂ, ಜೊತೆಗೆ 30 ಗ್ರಾಂ ಅರಳಿದ ಸುಣ್ಣ. ಪುಡಿಯಲ್ಲಿ ಕ್ಲೋರಿನ್ 30 ಶೇಕಡಾ ಇರಬೇಕು. ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಬಿದ್ದಿದ್ದ ಪುಡಿಗೆ ವಾಸನೆಯಷ್ಟೇ ಉಳಿದಿರುತ್ತದೆ. ದ್ರಾವಣ ಮಾಡಿದ ದಿನವೇ ಹೊಡೆಯಬೇಕು, ಗೋಡೆಯಿಂದ ನೀರಿಳಿಯುವಷ್ಟು ತೋಯಿಸಬೇಕು. ಒರಳು, ಸ್ಲೈಡು, ಮಿಕ್ಸಿ ಜಾರು ಕೂಡ ಪ್ರತಿ ಮಾದರಿಯ ನಂತರ ಬ್ಲೀಚಿಂಗ್ ನೀರಿಗೆ, ಆಮೇಲೆ ಶುದ್ಧ ನೀರಿಗೆ.

ಚಿಟ್ಟೆಯ ಮೈಪುಡಿಯ ವಿಷಯವನ್ನು ಹಲವು ಕೋಠಿಗಳು ಕಡೆಗಣಿಸುತ್ತವೆ. ರೆಕ್ಕೆಯಿಂದ ಉದುರುವ ಆ ಪುಡಿಯ ಜೊತೆ ಬೀಜಾಣು ಗಾಳಿಯಲ್ಲಿ ತೇಲಿ ಬೇರೆ ಕೋಣೆಗೆ ಹೋಗುತ್ತದೆ. ಅದಲ್ಲದೆ ಜೋಡಿ ಬಿಡಿಸುವ ಹೆಣ್ಣುಮಕ್ಕಳಿಗೆ ಅದರಿಂದಲೇ ಸೀನು, ಉಬ್ಬಸ ಹತ್ತುತ್ತದೆ. ಮುಖಗವಸು ಕೊಡಿ, ಒಣ ಪೊರಕೆಯಿಂದ ಗುಡಿಸುವುದನ್ನು ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಚಿಟ್ಟೆ ಕೋಣೆಯ ಗಾಳಿ ಮೊಟ್ಟೆ ಕೋಣೆಯ ಕಡೆ ಬೀಸದಂತೆ ಕಿಟಕಿ ಇಡಿ.

ಕೊನೆಯ ಕೆಲಸ ಕಾಗದದ್ದು. ರೋಗ ಸಿಕ್ಕ ಲಾಟಿನ ಗೂಡು ಯಾವ ಊರಿನ ಯಾವ ಬಿತ್ತನೆ ಬೆಳೆಗಾರರದು ಎಂದು ಹುಡುಕಿ ಅಂದೇ ತಿಳಿಸಬೇಕು, ಅವರು ಮುಂದಿನ ಚಾಕಿ ತರುವ ಮೊದಲೇ ಮನೆ ಶುದ್ಧವಾಗಬೇಕು. ಅವರಿಗೆ ಮೊಟ್ಟೆ ಕೊಟ್ಟ ಮೂಲ ಕೇಂದ್ರದ ಅದೇ ಲಾಟಿನ ಉಳಿದ ಮೊಟ್ಟೆ ಎಲ್ಲಿಗೆ ಹೋಗಿದೆ ಎಂಬುದನ್ನೂ ಕೇಳಬೇಕು. ಈಗಾಗಲೇ ಸಾಕಾಣಿಕೆಯಲ್ಲಿದ್ದರೆ ಅಲ್ಲಿನ ಹಿಂದುಳಿದ ಹುಳು, ಒಡೆದ ಮೊಟ್ಟೆಯ ಸಿಪ್ಪೆ, ಒಡೆಯದ ಮೊಟ್ಟೆ ತರಿಸಿ ಅರೆದು ನೋಡಬೇಕು. ಆ ಪೊಟ್ಟಣಗಳು ಬಂದು ಸೇರುವವರೆಗೆ ಆ ಮೂಲದ ಬೇರೆ ಯಾವ ಗೂಡನ್ನೂ ನಾವು ಚಿಟ್ಟೆ ಕೋಣೆಗೆ ಬಿಡುವುದಿಲ್ಲ.